ಮಗುವಿನ ಹೊಟ್ಟೆನೋವಿಗೆ ಮಾತ್ರೆಗಿಂತ ಮೊದಲು ಪ್ರಶ್ನೆ ಬೇಕು

ಮಗುವಿಗೆ ವಾರಗಟ್ಟಲೆ ಹೊಟ್ಟೆನೋವು, ಭೇದಿ ಎಂದರೆ ನಮ್ಮ ಕಡೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು ಉಷ್ಣ, ಇನ್ನೊಂದು ಜಂತುಹುಳು, ಮೂರನೆಯದು ಟಿ.ಬಿ. ಮೊದಲನೆಯದಕ್ಕೆ ಎಳನೀರು-ಮಜ್ಜಿಗೆ, ಎರಡನೆಯದಕ್ಕೆ ಒಂದು ಮಾತ್ರೆ, ಮೂರನೆಯದಕ್ಕೆ ಆರು ತಿಂಗಳ ಕೋರ್ಸ್. ಮಾರಿಕುಪ್ಪಂನಿಂದ ಬಂಗಾರಪೇಟೆ ಮೂಲಕ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು ಹತ್ತಿದರೆ ಸಾಕು, ಈ ಮೂರಕ್ಕೂ ಕನ್ನಡ, ತಮಿಳು, ತೆಲುಗಿನಲ್ಲಿ ಪುಕ್ಕಟೆ ಸಲಹೆ ಸಿಗುತ್ತದೆ. ಆದರೆ ನಾಲ್ಕನೆಯ ಉತ್ತರವೊಂದಿದೆ. ಅದರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅದು ಕರುಳಿನ ಉರಿಯೂತ ಕಾಯಿಲೆ. ವೈದ್ಯರು ಚಿಕ್ಕದಾಗಿ ಐಬಿಡಿ ಎನ್ನುತ್ತಾರೆ.

ನಾನು ಕೆಜಿಎಫ್‌ನವಳು, ಬಿ.ಇ. ಮೂರನೇ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ. ವೈದ್ಯಕೀಯ ನನ್ನ ವಿಷಯವಲ್ಲ. ಆದರೆ ಮನೆಯ ಒಂದು ಮಗು ಈ ಕಾಯಿಲೆಗೆ ಸಿಕ್ಕಿದ ಮೇಲೆ ಫೈಲು ಓದುವ, ಡಾಕ್ಟರ ಮಾತನ್ನು ಮನೆಯವರಿಗೆ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರಿಗೆಲ್ಲ ಈ ಕೆಲಸ ಗೊತ್ತೇ ಇರುತ್ತದೆ. ಹಾಗೆ ಓದುತ್ತಾ ಹೋದಾಗ ಎದುರಾದ ಪ್ರಶ್ನೆ ಒಂದೇ: ಈ ಕಾಯಿಲೆಯನ್ನು ತರುವುದು ಯಾವುದಾದರೂ ಬ್ಯಾಕ್ಟೀರಿಯಾವೇ? ಈ ಪ್ರಶ್ನೆಗೆ ಅವಸರದಲ್ಲಿ 'ಹೌದು' ಎಂದುಬಿಟ್ಟರೆ ಬೆಲೆ ತೆರುವುದು ಮಗು. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಏನಿದು ಕಾಯಿಲೆ?

ಐಬಿಡಿಯಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಬರುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ಅದರಲ್ಲೂ ಸಣ್ಣ ಕರುಳಿನ ಕೊನೆಯ ಭಾಗ ಅದಕ್ಕೆ ಇಷ್ಟದ ಜಾಗ. ಎರಡರಲ್ಲೂ ನಮ್ಮದೇ ರೋಗನಿರೋಧಕ ವ್ಯವಸ್ಥೆ ಕರುಳಿನಲ್ಲಿ ಹೊತ್ತಿಸಿದ ಉರಿಯನ್ನು ಆರಿಸದೆ ಹಾಗೇ ಬಿಡುತ್ತದೆ. ಇದು ದೊಡ್ಡವರ ಕಾಯಿಲೆ ಎಂದುಕೊಳ್ಳಬೇಡಿ. ಶಾಲೆಗೆ ಹೋಗುವ ಮಕ್ಕಳಿಗೂ ಬರುತ್ತದೆ. ದೊಡ್ಡವರಿಗಿಲ್ಲದ ಒಂದು ನಷ್ಟ ಮಕ್ಕಳಿಗಿದೆ, ಅದು ಬೆಳವಣಿಗೆ. ತಿಂದದ್ದು ಮೈಗೆ ಹತ್ತುವುದಿಲ್ಲ, ಉರಿಯೂತವೇ ಬೆಳವಣಿಗೆಯನ್ನು ತಡೆಯುತ್ತದೆ. ಗೋಡೆಗೆ ನಿಲ್ಲಿಸಿ ಎತ್ತರದ ಗೆರೆ ಎಳೆದರೆ ವರ್ಷ ಕಳೆದರೂ ಗೆರೆ ಅಲ್ಲೇ ಇರುತ್ತದೆ. ಮೈನೆರೆಯುವ ವಯಸ್ಸಿಗೆ ಮೊದಲು ಚಿಕಿತ್ಸೆ ಸಿಗದಿದ್ದರೆ ಕಳೆದುಕೊಂಡ ಎತ್ತರ ಪೂರ್ತಿ ವಾಪಸ್ ಬಾರದೇ ಇರಬಹುದು.

ಟಿ.ಬಿ. ಎಂಬ ಪದದ ತೂಕ

ಟಿ.ಬಿ. ಎಂಬ ಮಾತಿಗೆ ಕೆಜಿಎಫ್‌ನಲ್ಲಿ ಬೇರೆಯದೇ ತೂಕ ಇದೆ. ಗಣಿಯ ಆಳದಲ್ಲಿ ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತಿತ್ತು. ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಹತ್ತುವ ಅಪಾಯ ಹೆಚ್ಚು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ನಾನು ಹುಟ್ಟಿದ್ದು ಅದಾದ ಮೇಲೆ. ಆದರೂ ಲೈನ್ ಮನೆಗಳಲ್ಲಿ ಕೆಮ್ಮುತ್ತಾ ಕೂತಿದ್ದ ತಾತಂದಿರ ನೆನಪು ಎಲ್ಲ ಮನೆಗಳಲ್ಲೂ ಇದೆ. ಹಾಗಾಗಿ ಮಗು ಸೊರಗಿತು, ಸಂಜೆ ಜ್ವರ ಬರುತ್ತಿದೆ ಎಂದರೆ ಮೊದಲು ನೆನಪಾಗುವುದು ಟಿ.ಬಿ.ಯೇ. ಇದರಲ್ಲಿ ತಪ್ಪೇನಿಲ್ಲ. ನಮ್ಮ ದೇಶದಲ್ಲಿ ಟಿ.ಬಿ. ನಿಜಕ್ಕೂ ಹೆಚ್ಚು, ಅದು ಕರುಳಿಗೂ ಬರುತ್ತದೆ.

ತೊಂದರೆ ಇರುವುದು ಇಲ್ಲಿ. ಕರುಳಿನ ಟಿ.ಬಿ. ಮತ್ತು ಕ್ರೋನ್ಸ್ ನೋಡಲು ಅವಳಿ-ಜವಳಿ ಇದ್ದಂತೆ. ಎರಡಕ್ಕೂ ಇಷ್ಟವಾದ ಜಾಗ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ತಿರುವು. ಎರಡರಲ್ಲೂ ಹೊಟ್ಟೆನೋವು, ಜ್ವರ, ತೂಕ ಇಳಿಕೆ. ಸ್ಕ್ಯಾನ್‌ನಲ್ಲಿ ಎರಡೂ ಕರುಳಿನ ಗೋಡೆ ದಪ್ಪಗಾದಂತೆ ಕಾಣುತ್ತವೆ. ಬಯಾಪ್ಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡರಲ್ಲೂ ಗ್ರ್ಯಾನುಲೋಮ ಎಂಬ ಸಣ್ಣ ಗಂಟುಗಳು ಸಿಗಬಹುದು. ಆ ಗಂಟುಗಳ ಗಾತ್ರ, ಸಂಖ್ಯೆ, ಅವು ಒಂದಕ್ಕೊಂದು ಕೂಡಿಕೊಂಡಿವೆಯೇ ಎಂಬುದನ್ನು ನೋಡಿ ವ್ಯತ್ಯಾಸ ಗುರುತಿಸುವ ವಿಧಾನದ ಬಗ್ಗೆ ನಮಗೆ ಹತ್ತಿರದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1990ರ ದಶಕದಲ್ಲೇ ಕೆಲಸ ಮಾಡಿದ್ದಾರೆ. ಅಷ್ಟು ನುರಿತ ಕಣ್ಣಿಗೇ ಕಷ್ಟವಾಗುವುದನ್ನು ಕೇವಲ ಕೈಯಿಂದ ಹೊಟ್ಟೆ ಮುಟ್ಟಿ, ಒಂದು ಅಲ್ಟ್ರಾಸೌಂಡ್ ನೋಡಿ ನಿರ್ಧರಿಸಲು ಹೇಗೆ ಸಾಧ್ಯ?

ಬಂಗಾರಪೇಟೆಯಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು ಅದೇ. ಆಗ ಅವಳಿಗೆ ಹನ್ನೊಂದು ವರ್ಷ. ನಾಲ್ಕೈದು ತಿಂಗಳ ಹೊಟ್ಟೆನೋವು, ಬಾಯಿಹುಣ್ಣು, ಭೇದಿ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇತ್ತಾ ಎಂದು ಕೇಳಿದರು. ತಾತನಿಗೆ ಇತ್ತು ಅಂದೆವು. ಬಯಾಪ್ಸಿ ಇಲ್ಲದೆಯೇ ಟಿ.ಬಿ. ಮಾತ್ರೆ ಶುರುವಾಯಿತು. ಮೊದಲ ಎರಡು ತಿಂಗಳು ಸ್ವಲ್ಪ ಹಸಿವು ಬಂತು, ಮನೆಯವರೆಲ್ಲ ಉಸಿರು ಬಿಟ್ಟರು. ನಂತರ ಮತ್ತೆ ನೋವು. ಆರು ತಿಂಗಳಾದಾಗ ತೂಕ ಶುರುವಿನಲ್ಲಿ ಇದ್ದದ್ದಕ್ಕಿಂತ ಕಡಿಮೆ. ಇನ್ನೂ ಮೂರು ತಿಂಗಳು ಮುಂದುವರಿಸಿ ಎಂದು ಬರೆದುಕೊಟ್ಟರು. "ಅವರೇ ಬರೆದು ಕೊಟ್ಟಿದ್ದಾರಲ್ಲ ಕಂದಾ, ನಾವೇನು ಅವರನ್ನ ಕೇಳೋದು?" ಅಂದಳು ಚಿಕ್ಕಮ್ಮ. ಕೊನೆಗೆ ಬಂಗಾರಪೇಟೆಯಿಂದ ಕಾಟ್ಪಾಡಿ ರೈಲು ಹತ್ತಿ ದೊಡ್ಡಾಸ್ಪತ್ರೆಗೆ ಹೋದ ಮೇಲೆ ಕೊಲೊನೋಸ್ಕೋಪಿ, ಬಯಾಪ್ಸಿ ಆಗಿ ಕ್ರೋನ್ಸ್ ಎಂದು ತಿಳಿಯಿತು. ಹೆಚ್ಚುಕಡಿಮೆ ಒಂದು ವರ್ಷ ಹೋಗಿತ್ತು. ಬೆಳೆಯುವ ಮಗುವಿನ ಒಂದು ವರ್ಷ.

ವೈದ್ಯರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಎರಡರಲ್ಲಿ ಯಾವುದೆಂದು ಗೊತ್ತಾಗದಿದ್ದಾಗ ಮೊದಲು ಟಿ.ಬಿ. ಔಷಧ ಕೊಟ್ಟು ನೋಡುವುದು ನಮ್ಮ ದೇಶದ ತಜ್ಞರೇ ಒಪ್ಪಿರುವ ದಾರಿ. ಅದಕ್ಕೆ ಬಲವಾದ ಕಾರಣವೂ ಇದೆ. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಒಳಗಿರುವುದು ಟಿ.ಬಿ. ಆಗಿದ್ದರೆ ಅದು ಮೈಯೆಲ್ಲ ಹರಡಬಹುದು. ಆದರೆ 'ಕೊಟ್ಟು ನೋಡುವುದು' ಎಂಬುದರಲ್ಲಿ 'ನೋಡುವುದು' ಎಂಬ ಭಾಗವೂ ಇದೆಯಲ್ಲ? ಎರಡು-ಮೂರು ತಿಂಗಳಿಗೆ ಮರುಪರೀಕ್ಷೆ ಮಾಡಿ ಹುಣ್ಣು ಮಾಯ್ದಿದೆಯೇ ಎಂದು ನೋಡಬೇಕು. ಕ್ರೋನ್ಸ್ ಇರುವ ಕೆಲವರಿಗೂ ಟಿ.ಬಿ. ಔಷಧದ ಮೊದಲ ತಿಂಗಳುಗಳಲ್ಲಿ ನೋವು ಕಡಿಮೆಯಾದಂತೆ ಅನಿಸುತ್ತದೆ, ಹುಣ್ಣು ಮಾತ್ರ ಮಾಯುವುದಿಲ್ಲ. ಹೀಗೆ ತಡವಾದಾಗ ಕರುಳು ಕಿರಿದಾಗುತ್ತಾ ಹೋಗುತ್ತದೆ ಎಂಬುದನ್ನು ದೆಹಲಿಯ ಏಮ್ಸ್ ವೈದ್ಯರು ದಾಖಲಿಸಿದ್ದಾರೆ. ನಮ್ಮ ಮಗುವಿನ ವಿಷಯದಲ್ಲಿ ತಪ್ಪಿಹೋದದ್ದು ಆ 'ನೋಡುವ' ಹೆಜ್ಜೆ.

ಹಾಗಾದರೆ ಬ್ಯಾಕ್ಟೀರಿಯಾದ ಪಾತ್ರವೇನು?

ಕ್ರೋನ್ಸ್‌ನ ಹಿಂದೆ ಒಂದು ಸೂಕ್ಷ್ಮಾಣು ಇರಲೇಬೇಕು ಎಂಬ ಅನುಮಾನ ನೂರು ವರ್ಷಕ್ಕಿಂತ ಹಳೆಯದು. 1895ರಲ್ಲಿ ಜರ್ಮನಿಯಲ್ಲಿ ಯೋನೆ ಮತ್ತು ಫ್ರಾಥಿಂಗ್‌ಹ್ಯಾಮ್ ಹಸುವಿನ ಕರುಳಿನಲ್ಲಿ ಟಿ.ಬಿ. ದಾಯಾದಿಯಂಥ ಬ್ಯಾಕ್ಟೀರಿಯಾ ಕಂಡರು. ಅದು ಬಂದ ಹಸು ಭೇದಿಯಾಗಿ ಸೊರಗುತ್ತದೆ. ಅದನ್ನು ಈಗ ಪ್ಯಾರಾಟ್ಯುಬರ್ಕ್ಯುಲೋಸಿಸ್ ಎನ್ನುತ್ತಾರೆ. 1913ರಲ್ಲಿ ಗ್ಲಾಸ್ಗೊ ನಗರದ ಶಸ್ತ್ರವೈದ್ಯ ಡಾಲ್ಝಿಯೆಲ್ ತಮ್ಮ ರೋಗಿಗಳ ಕರುಳು ಆ ಹಸುಗಳ ಕರುಳಿನಂತೆಯೇ ಕಾಣುತ್ತದೆ ಎಂದು ಬರೆದರು. ನ್ಯೂಯಾರ್ಕಿನಲ್ಲಿ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಈ ಕಾಯಿಲೆಯನ್ನು ವಿವರಿಸಿದ್ದು 1932ರಲ್ಲಿ. 1984ರಲ್ಲಿ ಅಮೆರಿಕದ ಚಿಯೋಡಿನಿ ತಂಡ ಕ್ರೋನ್ಸ್ ರೋಗಿಗಳ ಕರುಳಿನಿಂದಲೇ ಅಂಥ ಬ್ಯಾಕ್ಟೀರಿಯಾ ಬೆಳೆಸಿ ತೋರಿಸಿತು. ಅಪರಾಧಿ ಸಿಕ್ಕಿಬಿದ್ದ ಎಂದು ಅನೇಕರಿಗೆ ಅನಿಸಿತು.

ಆ ಕಾಲಕ್ಕೆ ಹಾಗೆ ಅನಿಸುವುದು ಸಹಜವೂ ಆಗಿತ್ತು. ಹೊಟ್ಟೆಹುಣ್ಣಿಗೆ ಖಾರ ಮತ್ತು ಚಿಂತೆ ಕಾರಣ ಎಂದು ಜಗತ್ತೇ ನಂಬಿದ್ದಾಗ ಆಸ್ಟ್ರೇಲಿಯಾದ ವಾರನ್ ಮತ್ತು ಮಾರ್ಷಲ್, ಇಲ್ಲ, ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕಾರಣ ಎಂದರು. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೊಟ್ಟೆಹುಣ್ಣು ಒಂದೆರಡು ವಾರದ ಆ್ಯಂಟಿಬಯೋಟಿಕ್‌ಗೆ ಮಣಿಯಿತು. ಕ್ರೋನ್ಸ್ ಕೂಡ ಹಾಗೇ ಮಣಿಯಬಹುದು ಎಂದು ಯಾರಿಗಾದರೂ ಆಸೆ ಆಗುವುದಿಲ್ಲವೇ?

ಆದರೆ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಆಸ್ಟ್ರೇಲಿಯಾದಲ್ಲಿ 213 ಕ್ರೋನ್ಸ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆ ಬ್ಯಾಕ್ಟೀರಿಯಾ ಕೊಲ್ಲುವ ಮೂರು ಆ್ಯಂಟಿಬಯೋಟಿಕ್‌ಗಳನ್ನು ಎರಡು ವರ್ಷ ಕೊಟ್ಟರು. 2007ರಲ್ಲಿ ಫಲಿತಾಂಶ ಬಂತು. 16 ವಾರಕ್ಕೆ ಔಷಧ ತೆಗೆದುಕೊಂಡವರಲ್ಲಿ ಹೆಚ್ಚು ಜನರಿಗೆ ಗುಣ ಕಂಡಿತ್ತು, ಆದರೆ ಆ ಲಾಭ ಮುಂದಕ್ಕೆ ಉಳಿಯಲಿಲ್ಲ. ಹಾಲು ಕರೆಯುವ ಜಿಲ್ಲೆ ನಮ್ಮದು, ಹಾಗಾಗಿ ಹಸುವಿನ ಮಾತು ಕೇಳಿ ಯಾರೂ ಗಾಬರಿಯಾಗಬೇಕಿಲ್ಲ. ಹಾಲಿನಿಂದ ಕ್ರೋನ್ಸ್ ಬರುತ್ತದೆ ಎಂಬುದು ಸಾಬೀತಾಗಿಲ್ಲ. ಹಾಲನ್ನು ಉಕ್ಕುವವರೆಗೆ ಕಾಯಿಸಿ ಕುಡಿಯುವ ಅಜ್ಜಿಯರ ಪದ್ಧತಿಯನ್ನು ಬಿಡದಿದ್ದರೆ ಸಾಕು.

ಇನ್ನೊಂದು ಅನುಮಾನ ಸಾಲ್ಮೊನೆಲ್ಲಾ ಮತ್ತು ಕ್ಯಾಂಪೈಲೋಬ್ಯಾಕ್ಟರ್ ಮೇಲೆ. ಕೆಟ್ಟ ಆಹಾರ, ನೀರಿನಿಂದ ಬಂದು ಭೇದಿ ತರುವ ಬ್ಯಾಕ್ಟೀರಿಯಾಗಳಿವು. 2009ರಲ್ಲಿ ಡೆನ್ಮಾರ್ಕಿನ ಅಧ್ಯಯನವೊಂದು ಇವುಗಳ ಸೋಂಕು ಬಂದವರಲ್ಲಿ ಮುಂದೆ ಐಬಿಡಿ ಹೆಚ್ಚು ಕಾಣುತ್ತದೆ ಎಂದಿತು. ಎರಡೇ ವರ್ಷಕ್ಕೆ ಅದೇ ದೇಶದ ಇನ್ನೊಂದು ತಂಡ ಬೇರೆ ರೀತಿಯಲ್ಲಿ ಲೆಕ್ಕ ಹಾಕಿತು. ಮಲಪರೀಕ್ಷೆಯಲ್ಲಿ ಯಾವ ಬ್ಯಾಕ್ಟೀರಿಯಾವೂ ಸಿಗದವರಲ್ಲೂ ನಂತರ ಐಬಿಡಿ ಹೆಚ್ಚಾಗಿ ಪತ್ತೆಯಾಗಿತ್ತು! ಅಂದರೆ ಆಗಲೇ ಒಳಗೊಳಗೆ ಕಾಯಿಲೆ ಶುರುವಾಗಿದ್ದವರು ಭೇದಿ ಎಂದು ಪರೀಕ್ಷೆಗೆ ಬಂದಿರಬಹುದು. ಸೋಂಕು ಕಾಯಿಲೆ ತಂದಿತೋ, ಕಾಯಿಲೆ ಪರೀಕ್ಷೆಗೆ ತಂದಿತೋ? ಅದೇ 2009ರಲ್ಲಿ ಸಿಡ್ನಿಯ ಸಂಶೋಧಕರು ಕ್ರೋನ್ಸ್ ಇರುವ ಮಕ್ಕಳಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಕನ್ಸೈಸಸ್ ಎಂಬ ತಳಿ ಹೆಚ್ಚು ಸಿಗುತ್ತದೆ ಎಂದು ಕಂಡುಕೊಂಡರು. ಆದರೆ ಅದು ಆರೋಗ್ಯವಂತರ ಬಾಯಲ್ಲೂ ಇರುವಂಥದ್ದು.

ಸರ್ಕ್ಯೂಟ್ ಬೋರ್ಡ್ ಒಂದು ಸುಟ್ಟಾಗ ಕರಕಲಾದ ರೆಸಿಸ್ಟರ್ ಕಣ್ಣಿಗೆ ಬೀಳುತ್ತದೆ. ಅದನ್ನು ಬದಲಿಸಿದರೆ ಎರಡು ದಿನಕ್ಕೆ ಹೊಸದೂ ಸುಡುತ್ತದೆ. ಯಾಕೆಂದರೆ ದೋಷ ಇದ್ದದ್ದು ಬೇರೆ ಕಡೆ, ರೆಸಿಸ್ಟರ್ ಅದಕ್ಕೆ ಬಲಿಯಾಯಿತಷ್ಟೆ. ಉರಿ ಬಿದ್ದ ಕರುಳಿನಲ್ಲಿ ಸಿಗುವ ಬ್ಯಾಕ್ಟೀರಿಯಾ ಬೆಂಕಿ ಹಚ್ಚಿದ್ದೋ, ಬೆಂಕಿ ಕಂಡು ಬಂದದ್ದೋ ಎಂದು ಅದನ್ನು ನೋಡಿದ ಮಾತ್ರಕ್ಕೆ ಹೇಳಲಾಗದು.

ಹಾಗೆಂದು ಬ್ಯಾಕ್ಟೀರಿಯಾಕ್ಕೂ ಈ ಕಾಯಿಲೆಗೂ ಸಂಬಂಧವೇ ಇಲ್ಲ ಎಂದಲ್ಲ. 2001ರಲ್ಲಿ ಕ್ರೋನ್ಸ್‌ಗೆ ಸಂಬಂಧಿಸಿದ ಮೊದಲ ಜೀನ್ ಪತ್ತೆಯಾಯಿತು, ಹೆಸರು ನಾಡ್2. ಅದರ ಕೆಲಸ ಬ್ಯಾಕ್ಟೀರಿಯಾದ ಗೋಡೆಯ ತುಣುಕನ್ನು ಗುರುತಿಸುವುದು! ಪಾಶ್ಚಾತ್ಯರಲ್ಲಿ ಕಂಡ ಆ ಜೀನ್‌ನ ಬದಲಾವಣೆಗಳು ಭಾರತೀಯರಲ್ಲಿ ಬಹಳ ವಿರಳ, ಆದರೂ ಕಾಯಿಲೆ ನಮ್ಮಲ್ಲೂ ಇದೆ. ಹಾಗಾಗಿ ಇಂದು ಹೆಚ್ಚಿನ ವಿಜ್ಞಾನಿಗಳು ನೋಡುವ ರೀತಿ ಇದು: ಜೀನ್, ಆಹಾರ, ಪರಿಸರ, ಕರುಳಿನ ಗೋಡೆ ಮತ್ತು ಅಲ್ಲಿ ವಾಸಿಸುವ ಕೋಟ್ಯಂತರ ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಹದ ತಪ್ಪಿದಾಗ ಈ ಕಾಯಿಲೆ. ಒಬ್ಬನೇ ಅಪರಾಧಿ ಇಲ್ಲ.

ಕೌಂಟರಿನ ಮೇಲಿನ ಆ್ಯಂಟಿಬಯೋಟಿಕ್

ಅಪರಾಧಿ ಒಬ್ಬನೇ ಎಂದು ನಂಬಿದರೆ ಏನಾಗುತ್ತದೆ ನೋಡಿ. ಮಗುವಿಗೆ ಎರಡು ಸಲ ಭೇದಿಯಾದರೆ ಮೆಡಿಕಲ್ ಶಾಪಿಗೆ ಹೋಗಿ 'ಲೂಸ್ ಮೋಷನ್‌ಗೆ ಕೊಡಿ' ಎನ್ನುತ್ತೇವೆ. ಹಲವು ಸಲ ಕೈಗೆ ಬರುವುದು ಆ್ಯಂಟಿಬಯೋಟಿಕ್. ಮಕ್ಕಳ ಭೇದಿಗಳಲ್ಲಿ ಬಹಳಷ್ಟು ವೈರಸ್‌ನಿಂದ ಬರುವಂಥವು. ಅದಕ್ಕೆ ಓಆರ್‌ಎಸ್ ಮತ್ತು ಜಿಂಕ್ ಬೇಕು, ಆ್ಯಂಟಿಬಯೋಟಿಕ್ ಅಲ್ಲ. ಆ್ಯಂಟಿಬಯೋಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಉಳಿಸುವುದಿಲ್ಲ.

2011ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು 5.77 ಲಕ್ಷ ಮಕ್ಕಳ ದಾಖಲೆ ನೋಡಿತು. ಆ್ಯಂಟಿಬಯೋಟಿಕ್ ತೆಗೆದುಕೊಂಡ ಮಕ್ಕಳಲ್ಲಿ ಐಬಿಡಿ ಪ್ರಮಾಣ ತೆಗೆದುಕೊಳ್ಳದವರಿಗಿಂತ 1.84 ಪಟ್ಟು ಇತ್ತು. ಇದನ್ನು ಕೇಳಿ ಹೆದರುವ ಮೊದಲು ಇನ್ನೊಂದು ಅಂಕಿ ನೋಡಿ: ಅಷ್ಟೂ ಮಕ್ಕಳಲ್ಲಿ ಐಬಿಡಿ ಬಂದದ್ದು 117 ಮಕ್ಕಳಿಗೆ. ಅದೂ ಅಲ್ಲದೆ, ಕಾಯಿಲೆಯ ಮೊದಲ ಲಕ್ಷಣಕ್ಕೇ ಆ್ಯಂಟಿಬಯೋಟಿಕ್ ಬರೆದಿರಬಹುದು ಎಂದು ಆ ಸಂಶೋಧಕರೇ ಎಚ್ಚರಿಸಿದ್ದಾರೆ. ಹಾಗಾಗಿ ಬೇಕಾದಾಗ ಆ್ಯಂಟಿಬಯೋಟಿಕ್ ಕೊಡದೆ ಇರುವುದೂ ತಪ್ಪು, ಬೇಡದಾಗ ಕೊಡುವುದೂ ತಪ್ಪು. 2014ರಿಂದ ಹಲವು ಆ್ಯಂಟಿಬಯೋಟಿಕ್ ಮತ್ತು ಟಿ.ಬಿ. ಔಷಧಗಳು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಬರೆದಿಡಬೇಕು. ಸ್ಟ್ರಿಪ್ ಮೇಲೆ ನಿಂತ ಕೆಂಪು ಗೆರೆ ಕಂಡರೆ ವೈದ್ಯರ ಚೀಟಿ ಬೇಕು ಎಂದರ್ಥ. ಬಿ.ಫಾರ್ಮಾ ಮುಗಿಸಿ ಕೌಂಟರಿನ ಹಿಂದೆ ನಿಲ್ಲುವ ಗೆಳೆಯರು ಇದನ್ನು ಓದುತ್ತಿದ್ದರೆ, ಕೇಳಿದ ತಕ್ಷಣ ಕೊಡದೆ ಇರುವುದೂ ನಿಮ್ಮ ಕೆಲಸವೇ.

ನಾವು ಮಾಡಬಹುದಾದದ್ದು

ಮನೆಯಲ್ಲೋ ಪಕ್ಕದಲ್ಲೋ ಒಂದು ಮಗುವಿಗೆ ನಾಲ್ಕು ವಾರ ಮೀರಿ ಭೇದಿ ಇದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದೆದ್ದು ಶೌಚಕ್ಕೆ ಓಡುತ್ತಿದ್ದರೆ, ತೂಕ-ಎತ್ತರ ನಿಂತುಹೋಗಿದ್ದರೆ, ಪದೇ ಪದೇ ಬಾಯಿಹುಣ್ಣು ಅಥವಾ ಗುದದ ಸುತ್ತ ಹುಣ್ಣು ಬರುತ್ತಿದ್ದರೆ ಅದನ್ನು ಉಷ್ಣ ಎಂದು ಬಿಡಬೇಡಿ. ಫೈಲು ಹಿಡಿದು ಜೊತೆಗೆ ಹೋಗಿ. ವಿನಯವಾಗಿಯೇ ಮೂರು ಪ್ರಶ್ನೆ ಕೇಳಿ: ಇದು ಟಿ.ಬಿ. ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು? ಬಯಾಪ್ಸಿ ತೆಗೆದು ಟಿ.ಬಿ. ಪರೀಕ್ಷೆಗೂ ಕಳಿಸಬಹುದೇ? ಔಷಧ ಕೆಲಸ ಮಾಡುತ್ತಿದೆಯೇ ಎಂದು ಯಾವಾಗ, ಹೇಗೆ ನೋಡುತ್ತೀರಿ? ಇದರ ಜೊತೆ ಒಂದು ಎಚ್ಚರಿಕೆ: ಈ ಲೇಖನ ಓದಿ ಯಾರೂ ಟಿ.ಬಿ. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಅರ್ಧಕ್ಕೆ ಬಿಟ್ಟರೆ ಔಷಧಕ್ಕೆ ಬಗ್ಗದ ಟಿ.ಬಿ. ಬೆಳೆಯಬಹುದು.

ಕೇಳುವುದಕ್ಕೆ ತಜ್ಞರಾದರೂ ಹತ್ತಿರ ಇರಬೇಕಲ್ಲ? ಕೊಲೊನೋಸ್ಕೋಪಿಗಾಗಿ ಮಗುವನ್ನು ಕರೆದುಕೊಂಡು ಬೆಂಗಳೂರಿಗೋ ವೆಲ್ಲೂರಿಗೋ ಹೋಗಬೇಕೆಂದರೆ ಕೂಲಿಯ ಮನೆಗೆ ಎರಡು ದಿನದ ದುಡಿಮೆ ಹೋಗುತ್ತದೆ, ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಬೆಂಗಳೂರಿನ ಮಕ್ಕಳ ಜೀರ್ಣಾಂಗ ತಜ್ಞರೊಬ್ಬರು ಕೂರುವಂತೆ ಸರ್ಕಾರ ಗೊತ್ತುಮಾಡಲಿ. ಕರುಳಿನಲ್ಲಿ ಉರಿಯೂತ ಇದೆಯೇ ಎಂದು ತಿಳಿಸುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಮಲಪರೀಕ್ಷೆ ಇದೆ. ಅದು ಸೋಂಕಿನಲ್ಲೂ ಏರುವುದರಿಂದ ಟಿ.ಬಿ.ಯೋ ಕ್ರೋನ್ಸೋ ಎಂದು ಹೇಳಲಾರದು. ಆದರೆ ಯಾವ ಮಗುವನ್ನು ಬೇಗ ಮುಂದಕ್ಕೆ ಕಳಿಸಬೇಕು ಎಂದು ಹೇಳಬಲ್ಲದು. ಮಾದರಿಯನ್ನು ಇಲ್ಲಿ ತೆಗೆದು ಬೆಂಗಳೂರಿನ ಲ್ಯಾಬಿಗೆ ಕಳಿಸಲು ದೊಡ್ಡ ಕಟ್ಟಡವೇನೂ ಬೇಕಿಲ್ಲ.

ಅಪರೂಪದ ಕಾಯಿಲೆಗೆ ಇಷ್ಟೆಲ್ಲ ಯಾಕೆ, ಟಿ.ಬಿ.ಗೇ ಹಣ ಸಾಲದು ಎನ್ನುವವರಿದ್ದಾರೆ. ಆದರೆ ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಒಂದೇ. ಬಯಾಪ್ಸಿ ಸರಿಯಾಗಿ ಆದರೆ ಟಿ.ಬಿ. ಇರುವ ಮಗುವಿಗೆ ಟಿ.ಬಿ. ಎಂದು ಧೈರ್ಯವಾಗಿ ಹೇಳಬಹುದು. ಔಷಧಕ್ಕೆ ಬಗ್ಗದ ಟಿ.ಬಿ. ಇದ್ದರೂ ಬೇಗ ತಿಳಿಯುತ್ತದೆ. ಲಾಭ ಎರಡೂ ಮಕ್ಕಳಿಗೆ.

ನನ್ನ ತಂಗಿ ಈಗ ಎಂಟನೇ ಕ್ಲಾಸು. ಮೊದಲ ಕೆಲವು ವಾರ ಬರೀ ದ್ರವ ಆಹಾರದ ಚಿಕಿತ್ಸೆ ಇತ್ತು. ಮಕ್ಕಳ ಕ್ರೋನ್ಸ್‌ನಲ್ಲಿ ಸ್ಟೀರಾಯ್ಡ್‌ಗಿಂತ ಮೊದಲು ಅದನ್ನೇ ಕೊಡುತ್ತಾರಂತೆ. ಬಿರಿಯಾನಿ ವಾಸನೆ ಬಂದರೆ ಕಣ್ಣೀರು ಹಾಕುತ್ತಿದ್ದಳು. ಈಗ ಔಷಧದ ಮೇಲಿದ್ದಾಳೆ, ಕಾಯಿಲೆ ಪೂರ್ತಿ ಹೋಗಿಲ್ಲ, ಆದರೆ ಸುಮ್ಮನಿದೆ. ಹೋದ ತಿಂಗಳು ಅವಳ ಶಾಲೆಯ ಲಂಗ ಗಿಡ್ಡವಾಯಿತೆಂದು ಚಿಕ್ಕಮ್ಮ ಹೊಸದು ಹೊಲಿಸಿದರು. ದುಡ್ಡು ಖರ್ಚಾಯಿತೆಂದು ಗೊಣಗಲಿಲ್ಲ.